ಕಾಗದದ ದೆವ್ವಕ್ಕೆ ಕಾಲು ಬೇಕಾ?

ಕೊಪ್ಪಳದ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಅರ್ಧ ಕಟ್ಟಿದ ಮನೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಅದರ ಎದುರು ಹಗ್ಗಕ್ಕೆ ಕಟ್ಟಿದ ಬೂದುಗುಂಬಳ ನೇತಾಡುತ್ತಿರುತ್ತದೆ. ಕೆಲವರು ಅದಕ್ಕೆ ಕಣ್ಣು ಬರೆಸಿರುತ್ತಾರೆ. ಕೋರೆಹಲ್ಲು, ಕೆಂಪು ನಾಲಿಗೆ, ದಪ್ಪ ಮೀಸೆ ಎಲ್ಲ ಇರುತ್ತದೆ. ಆಯುಧ ಪೂಜೆಯ ದಿನ ಲಾರಿ, ಟ್ರ್ಯಾಕ್ಟರ್, ಬೈಕು ಎಲ್ಲದರ ಮುಂದೆ ಕುಂಕುಮ ತುಂಬಿದ ಕುಂಬಳಕಾಯಿ ಒಡೆಯುತ್ತಾರೆ, ಮಾರನೇ ದಿನ ಅದರ ಮೇಲೆ ಯಾರೋ ಬೈಕಿನವರು ಜಾರುತ್ತಾರೆ. ಇಷ್ಟೆಲ್ಲ ನೋಡಿಕೊಂಡು ಬೆಳೆದವರು, ಕುಂಬಳಕಾಯಿಗೆ ಭಯಂಕರ ಮುಖ ಕೊರೆದು ಮನೆ ಮುಂದೆ ಇಡುವ ಹ್ಯಾಲೋವೀನ್ ಅನ್ನುವ ಹಬ್ಬ ಬೇರೆ ದೇಶದಲ್ಲೂ ಇದೆ ಅಂತ ಕೇಳಿದರೆ "ಓ, ಅವರೂ ಇಡ್ತಾರಾ" ಅನ್ನಬೇಕು ತಾನೇ? ಹಾಗೆ ಯಾರೂ ಅನ್ನುವುದಿಲ್ಲ.

ನಮ್ಮ ಪಕ್ಕದ ಮನೆಯ ಮಾಸ್ತರಿಗಂತೂ ಸ್ವಲ್ಪ ಸಿಟ್ಟೇ ಬಂತು. ನಿವೃತ್ತರು, ಒಳ್ಳೆಯ ಮನುಷ್ಯ, ಓಣಿಯ ಯಾವ ಹುಡುಗ ಸಿಕ್ಕರೂ ನಿಲ್ಲಿಸಿ ಹದಿನೇಳರ ಮಗ್ಗಿ ಕೇಳುವವರು. ಗೇಟಿನ ಆಚೆ ನಿಂತು, "ಏನ್ರೀ ಅಕ್ಕಾರ, ದೀಪಾವಳಿ ದಿನ ಮಕ್ಕಳ ಕೈಲೆ ದೆವ್ವ ಮಾಡಸಾಕತ್ತೀರಂತ? ಯಾ ದೇಶದ ಹಬ್ಬರೀ ಇದು?" ಅಂದರು.

ವಿಷಯ ಇಷ್ಟೇ. 2024ರಲ್ಲಿ ನರಕ ಚತುರ್ದಶಿ ಬಂದದ್ದು ಅಕ್ಟೋಬರ್ 31ಕ್ಕೆ. ಹ್ಯಾಲೋವೀನ್ ಕೂಡ ಪ್ರತಿ ವರ್ಷ ಅದೇ ತಾರೀಖು. ಮಾರನೇ ದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಅದರ ಮಾರನೇ ದಿನ ಬಲಿಪಾಡ್ಯಮಿ. ಎಲ್ಲ ಒಂದರ ಹಿಂದೆ ಒಂದು. ಬೆಂಗಳೂರಿನಿಂದ ಅಣ್ಣನ ಮನೆಯವರು ಹಬ್ಬಕ್ಕೆ ಬಂದಿದ್ದರು. ಅವರ ಅಪಾರ್ಟ್‌ಮೆಂಟಿನಲ್ಲಿ ಹ್ಯಾಲೋವೀನ್ ಜೋರು, ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಚಾಕೊಲೇಟ್ ಕೇಳಿಕೊಂಡು ಹೋಗುತ್ತಾರಂತೆ. ಅದು ತಪ್ಪಿತು ಅಂತ ಅಣ್ಣನ ಮಗಳ ಮುಖ ಊದಿತ್ತು. ಐದನೇ ಕ್ಲಾಸಿನ ಹುಡುಗಿ, ಬ್ಯಾಗಿನಲ್ಲಿ ಒರಿಗಾಮಿ, ಅಂದರೆ ಕಾಗದ ಮಡಿಸಿ ಗೊಂಬೆ ಮಾಡುವ ಜಪಾನಿನ ಕಲೆ, ಅದರ ಕಾಗದದ ಪ್ಯಾಕೆಟ್ ಇಟ್ಟುಕೊಂಡೇ ಬಂದಿದ್ದಳು. "ಅತ್ತೆ, ಇಲ್ಲೇ ಡೆಕೊರೇಷನ್ ಮಾಡೋಣ, ಯಾರಿಗೂ ತೊಂದರೆ ಕೊಡಲ್ಲ" ಅಂದಳು. ನನ್ನ ಮಗನಿಗೆ ಹ್ಯಾಲೋವೀನ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ದೆವ್ವ ಮಾಡುವ ಕೆಲಸ ಅಂತ ಕೇಳಿದ್ದೇ ಪಟಾಕಿ ಬಿಟ್ಟು ಓಡಿ ಬಂದ. ಅವನ ಹಿಂದೆ ಓಣಿಯ ನಾಲ್ಕಾರು ಮಕ್ಕಳು.

ಮಾಸ್ತರ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ. ಈ ಹಬ್ಬದ ಬೇರು ಇರುವುದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಕೆಲ್ಟಿಕ್ ಜನರಲ್ಲಿ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ರಾತ್ರಿ ಸತ್ತವರು ಈ ಕಡೆ ಬಂದು ಹೋಗುತ್ತಾರೆ ಅಂತ ಅವರ ನಂಬಿಕೆ. ಆಮೇಲೆ ಕ್ರೈಸ್ತರು ಎಲ್ಲ ಸಂತರ ಹಬ್ಬವನ್ನು ನವೆಂಬರ್ 1ಕ್ಕೆ ಇಟ್ಟುಕೊಂಡರು, ಅದರ ಹಿಂದಿನ ಸಂಜೆ ಇದು ಉಳಿದುಕೊಂಡಿತು. ಐರ್ಲೆಂಡಿನಲ್ಲಿ ಮುಖ ಕೊರೆಯುತ್ತಿದ್ದದ್ದು ಕುಂಬಳಕ್ಕಲ್ಲ, ಟರ್ನಿಪ್ ಗಡ್ಡೆಗೆ. 1840ರ ದಶಕದಲ್ಲಿ ಅಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಬರ ಬಿತ್ತು. ಲಕ್ಷಾಂತರ ಜನ ಅಮೆರಿಕಕ್ಕೆ ಹಡಗು ಹತ್ತಿದರು. ಅಲ್ಲಿ ನೋಡಿದರೆ ಗಡ್ಡೆಗಿಂತ ದೊಡ್ಡದಾದ, ಚಾಕು ಸಲೀಸಾಗಿ ಇಳಿಯುವ ಕುಂಬಳಕಾಯಿ ಹೊಲದ ತುಂಬ. ಗಡ್ಡೆಯನ್ನು ಯಾರು ಕೊರೆಯುತ್ತಾರೆ ಇನ್ನು?

ಬೂದುಗುಂಬಳ ಏಷ್ಯಾದ್ದು, ಅದು ಸರಿ. ಆದರೆ ನಮ್ಮ ಅವ್ವ ಗಾರಿಗೆ ಮಾಡುವ ಸಿಹಿಗುಂಬಳ ಇದೆಯಲ್ಲ, ಅದು ಅಮೆರಿಕ ಖಂಡದಿಂದ ಬಂದದ್ದು. ಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ ಎಲ್ಲ ಆ ಕಡೆಯವೇ. ಮಾಸ್ತರಿಗೆ ಇದನ್ನು ಹೇಳಿದೆ. ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಮುರಿಯದ ಮನುಷ್ಯ ಅವರು. "ಅದ ಬ್ಯಾರೆ, ಇದ ಬ್ಯಾರೆ" ಅಂತ ಒಳಗೆ ಹೋದರು.

ಇನ್ನು ಕಾಗದದ ಕಥೆ. ಹುಡುಗಿ ತಂದ ಪ್ಯಾಕೆಟ್ಟಿನಲ್ಲಿ ಇದ್ದವು 15 ಸೆಂಟಿಮೀಟರಿನ ಚೌಕ ಹಾಳೆಗಳು. ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ. ತೆಳ್ಳಗೆ, ಆದರೆ ಗಟ್ಟಿ. ಒಬ್ಬಳಿಗೆ ಸಾಕಾಗುತ್ತಿತ್ತು, ಓಣಿಗೆಲ್ಲ ಎಲ್ಲಿಂದ ಸಾಕಾಗಬೇಕು? ಪೇಟೆಯ ಸ್ಟೇಷನರಿ ಅಂಗಡಿಗೆ ಹೋದೆ. ಒರಿಗಾಮಿ ಪೇಪರ್ ಅಂದರೆ ಅಂಗಡಿಯವನು ತಲೆ ಅಲ್ಲಾಡಿಸಿದ. ಗ್ಲೇಜ್ ಪೇಪರ್ ಅಂದೆ, ಕಟ್ಟು ತೆಗೆದು ಮುಂದೆ ಹಾಕಿದ. ನೋಡಿದರೆ ಅದೇ ಗುಣ. ಒಂದು ಬದಿ ಮಿಂಚುವ ಬಣ್ಣ, ಇನ್ನೊಂದು ಬದಿ ಬಿಳಿ, ಮಡಿಸಿದರೆ ಗೆರೆ ಚೆನ್ನಾಗಿ ಕೂರುತ್ತದೆ. ಗಣೇಶನ ಮಂಟಪಕ್ಕೆ, ಶಾಲೆಯಲ್ಲಿ ದಾರಕ್ಕೆ ಅಂಟಿಸಿ ಕಟ್ಟುವ ಪರಪರಿಗೆ ನಾವು ಕತ್ತರಿಸಿ ಹಾಳು ಮಾಡಿದ ಕಾಗದ ಎಷ್ಟು ಒಳ್ಳೆಯ ಕಾಗದ ಅಂತ ಅವತ್ತೇ ಗೊತ್ತಾದದ್ದು.

ಕೆಂಪು, ಹಳದಿ, ಹಸಿರು, ಕಿತ್ತಳೆ ಎಲ್ಲ ಸಿಕ್ಕಿತು. ಕಪ್ಪು ಮಾತ್ರ ಇಲ್ಲ. ಹಬ್ಬದ ಹೊತ್ತಿನಲ್ಲಿ ಕಪ್ಪು ಹಾಳೆ ಯಾರು ಕೇಳ್ತಾರೆ ಅಂತ ಅಂಗಡಿಯವನ ವಾದ, ಅದೂ ನಿಜವೇ. ಕಪ್ಪು ಚಾರ್ಟ್ ಪೇಪರ್ ಇತ್ತು. ಅದು ದಪ್ಪ, ಮೂರನೇ ಮಡಿಕೆಗೇ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣಿಸುತ್ತದೆ. ಗಾಳಿಪಟದ ಕಪ್ಪು ಕಾಗದ ಉಲ್ಟಾ, ತೀರಾ ತೆಳ್ಳಗೆ, ಮಕ್ಕಳ ಬೆವರುಗೈಗೆ ಹರಿದು ಹೋಗುತ್ತದೆ. ಮನೆಯಲ್ಲಿದ್ದ ಜೆರಾಕ್ಸ್ ಹಾಳೆ ಸುಮಾರು ಪರವಾಗಿಲ್ಲ, ಐದಾರು ಮಡಿಕೆ ತಡೆಯುತ್ತದೆ. ಎ4 ಹಾಳೆಯನ್ನು ಒಂದು ಮೂಲೆಯಿಂದ ಓರೆಯಾಗಿ ಮಡಿಸಿ, ಮಿಕ್ಕ ಪಟ್ಟಿಯನ್ನು ಹರಿದರೆ 21 ಸೆಂಟಿಮೀಟರಿನ ಚೌಕ ಸಿಗುತ್ತದೆ, ಸ್ಕೇಲೇ ಬೇಡ. ಹರಿದ ಪಟ್ಟಿಯನ್ನು ಬಿಸಾಡಬೇಡಿ. ನಮಗೆ ಅದರಿಂದ ದೊಡ್ಡ ಉಪಯೋಗ ಆಯಿತು, ಮುಂದೆ ಹೇಳುತ್ತೇನೆ.

ಶುರು ಮಾಡಿದ್ದು ಬೆಕ್ಕಿನಿಂದ. ಇದು ಎಲ್ಲರಿಗೂ ಬರುವಂಥದ್ದು. ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿದರೆ ತ್ರಿಕೋನ. ಉದ್ದ ಬದಿ ಕೆಳಗೆ ಬರಲಿ. ಎಡಬಲದ ತುದಿಗಳನ್ನು ಮೇಲಕ್ಕೆ ಮಡಿಸಿದರೆ ಎರಡು ಕಿವಿ. ನಡುವಿನ ಚೂಪನ್ನು ಕೆಳಕ್ಕೆ ಮಡಿಸಿದರೆ ನೆತ್ತಿ ಚಪ್ಪಟೆ. ತಿರುವಿ ಹಾಕಿ, ಕಣ್ಣು ಮೀಸೆ ಬರೆಯಿರಿ, ಮುಗಿಯಿತು. ಅದೇ ತ್ರಿಕೋನವನ್ನು ತಲೆಕೆಳಗೆ ಹಿಡಿದು ಕಿವಿಗಳನ್ನು ಕೆಳಕ್ಕೆ ಮಡಿಸಿದರೆ ನಾಯಿ. ಓಣಿಯ ಒಬ್ಬ ಹುಡುಗ ಎಷ್ಟು ಸಲ ಹೇಳಿದರೂ ನಾಯಿಯನ್ನೇ ಮಾಡುತ್ತಿದ್ದ. ಹ್ಯಾಲೋವೀನ್‌ಗೆ ಕರಿ ಬೆಕ್ಕು ಬೇಕು, ನಾಯಿ ಬರಲ್ಲ ಅಂತ ಅಣ್ಣನ ಮಗಳು ರೇಗಿದಳು. "ದೆವ್ವ ಬಂದ್ರ ಮೊದಲ ಬೊಗಳೋದು ನಾಯಿನss ಅಲ್ಲೇನು?" ಅಂದ ಅವನು. ಅವಳ ಬಾಯಿ ಮುಚ್ಚಿತು. ನಾಯಿಗಳೂ ಸೇರಿಕೊಂಡವು.

ಬಾವಲಿಗೂ ಅದೇ ತ್ರಿಕೋನ. ಚೂಪು ಕೆಳಗೆ ಇಟ್ಟುಕೊಂಡು ಮೇಲಿನ ಉದ್ದ ಅಂಚನ್ನು ಒಂದು ಪಟ್ಟಿಯಷ್ಟು ಕೆಳಕ್ಕೆ ಮಡಿಸಬೇಕು. ತಿರುವಿ, ಎರಡೂ ಕಡೆ ಒಳಕ್ಕೊಮ್ಮೆ ಹೊರಕ್ಕೊಮ್ಮೆ ನೆರಿಗೆ ಹಾಕಿದರೆ ನಡುವೆ ಮೈ, ಎರಡು ಬದಿ ರೆಕ್ಕೆ. ಸೀರೆ ನೆರಿಗೆ ಹಿಡಿಯುವುದನ್ನು ನೋಡಿದ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೂ ಸಾಕು.

ಕುಂಬಳಕಾಯಿಯೇ ಕಷ್ಟ. ಒರಿಗಾಮಿಯಲ್ಲಿ ಗಾಳಿ ಊದಿ ಉಬ್ಬಿಸುವ ಹಳೆಯ ಚೆಂಡು ಒಂದಿದೆ, ನಮ್ಮಲ್ಲೂ ಎಷ್ಟೋ ಜನ ಶಾಲೆಯಲ್ಲಿ ನೋಟ್‌ಬುಕ್ಕಿನ ಹಾಳೆಯಲ್ಲಿ ಮಾಡಿರುತ್ತೀರಿ. ಅದನ್ನೇ ಕಿತ್ತಳೆ ಹಾಳೆಯಲ್ಲಿ ಮಾಡಿದರೆ ಕುಂಬಳಕಾಯಿ. ಎರಡು ಓರೆ ಗೆರೆ, ಒಂದು ನಡುಗೆರೆ ಮಡಿಸಿ ಬಿಚ್ಚಿ, ಎರಡು ಬದಿ ಒಳಕ್ಕೆ ತಳ್ಳಿದರೆ ತ್ರಿಕೋನದ ಗೋಪುರ ತಾನಾಗಿ ಕೂತುಕೊಳ್ಳುತ್ತದೆ. ಕೆಳಗಿನ ತುದಿಗಳನ್ನು ಮೇಲಕ್ಕೆ, ಪಕ್ಕದ ತುದಿಗಳನ್ನು ನಡುವಿಗೆ. ಆಮೇಲೆ ಮೇಲಿನ ಸಣ್ಣ ಕಿವಿಗಳನ್ನು ಪಕ್ಕದ ಜೇಬಿನೊಳಗೆ ಸಿಕ್ಕಿಸಬೇಕು. ಇಲ್ಲೇ ಏಳೆಂಟು ವರ್ಷದ ಮಕ್ಕಳು ಸಿಕ್ಕಿಬೀಳುವುದು. ಕಿವಿ ಒಳಗೆ ಹೋಗುವುದಿಲ್ಲ, ಹೋದರೆ ನಿಲ್ಲುವುದಿಲ್ಲ, ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು ಬದಿ ಬಿಚ್ಚಿಕೊಂಡಿರುತ್ತದೆ, ಮಗು ಒಮ್ಮೆ ಕಾಗದ ನೋಡುತ್ತದೆ, ಒಮ್ಮೆ ನಿಮ್ಮ ಮುಖ ನೋಡುತ್ತದೆ, ಅಳು ಗಂಟಲಿಗೆ ಬಂದಿರುತ್ತದೆ.

ಆ ಹೊತ್ತಿಗೆ ಸರಿಯಾಗಿ ಒಬ್ಬರು ದೊಡ್ಡವರು ಕೈ ಚಾಚುತ್ತಾರೆ. "ಕೊಡಿಲ್ಲಿ."

ನಮ್ಮಲ್ಲಿ ಅದು ಅಣ್ಣ. ಇಂಜಿನಿಯರು. ಸೋಫಾದಲ್ಲಿ ಕೂತು ಮೊಬೈಲ್ ನೋಡುತ್ತಿದ್ದವನು ಎದ್ದು ಬಂದು, ಮಗುವಿನ ಕೈಯಿಂದ ತೆಗೆದುಕೊಂಡು, ಸರಸರ ಸಿಕ್ಕಿಸಿ, ಊದಿ, ಕೈಗಿಟ್ಟ. ತುಂಬಾ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆ ಮಗು ಅದನ್ನು ನೆಲದ ಮೇಲಿಟ್ಟು ಪಟಾಕಿ ನೋಡಲು ಹೊರಗೆ ಹೋಯಿತು. ಅದರ ಪಾಲಿಗೆ ಅದು ಮಾಮನ ಕುಂಬಳಕಾಯಿ, ತನ್ನದಲ್ಲ.

ನನಗೆ ಈ ಮಡಿಕೆ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅಂತ ಅನಿಸುವುದು ಇದೇ, ದೊಡ್ಡವರ ಕೈ ಸುಮ್ನೆ ಇರಿಸುವುದು. ಬಣ್ಣ ಹಚ್ಚುವಾಗ, ಮಣ್ಣು ಕಲಸುವಾಗ ಮಗು ಏನು ಮಾಡಿದರೂ ಏನೋ ಒಂದು ಆಗುತ್ತದೆ. ಕಾಗದ ಹಾಗಲ್ಲ. ಒಂದು ಮಡಿಕೆ ಅರ್ಧ ಇಂಚು ಆಚೀಚೆ ಆದರೆ ಅದರ ಫಲ ಆರನೇ ಮಡಿಕೆಯಲ್ಲಿ ಗೊತ್ತಾಗುತ್ತದೆ. ನೋಡುತ್ತಾ ಕೂತ ನಮಗೆ ಅದು ಮೊದಲೇ ಕಾಣುತ್ತದೆ, ಮಗುವಿಗೆ ಕಾಣುವುದಿಲ್ಲ. ಆ ನಾಲ್ಕು ಮಡಿಕೆಗಳಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಸಾಮಾನ್ಯ ಕೆಲಸ ಅಲ್ಲ. ಒಂದೇ ಉಪಾಯ ಅಂದರೆ ನೀವೂ ಒಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕೂತು ನಿಧಾನ ಮಡಿಸುವುದು. ನಿಮ್ಮ ಕೈಗೆ ಕೆಲಸ ಸಿಗುತ್ತದೆ, ಮಗು ಬೇಕಾದಾಗ ಓರೆಗಣ್ಣಲ್ಲಿ ನೋಡಿಕೊಳ್ಳುತ್ತದೆ. ಅಣ್ಣನಿಗೂ ಒಂದು ಹಾಳೆ ಕೊಟ್ಟು ಮೂಲೆಗೆ ಕೂರಿಸಿದೆವು. ಆಮೇಲೆ ಶಾಂತಿ.

ಮಡಿಸುವುದನ್ನು ಬಾಯಿ ಇಲ್ಲದೆಯೇ ಹೇಳಿಕೊಡುವ ದಾರಿ ಹುಡುಕಿದವರು ಜಪಾನಿನ ಅಕಿರಾ ಯೋಶಿಜಾವಾ. 1911ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡರು. ಮೊದಲು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು, ಅಲ್ಲಿನ ಹೊಸಬರಿಗೆ ಕಾಗದ ಮಡಿಸಿ ರೇಖಾಗಣಿತ ಹೇಳಿಕೊಡುತ್ತಿದ್ದರಂತೆ. ಒಳಮಡಿಕೆಗೆ ಒಂದು ತರಹದ ತುಂಡು ಗೆರೆ, ಹೊರಮಡಿಕೆಗೆ ತುಂಡು ಗೆರೆಯ ನಡುವೆ ಚುಕ್ಕೆ, ಎಲ್ಲಿಗೆ ಮಡಿಸಬೇಕು ಅನ್ನುವುದಕ್ಕೆ ಬಾಣ. 1954ರಲ್ಲಿ ಬಂದ ಅವರ ಪುಸ್ತಕದ ಈ ಗುರುತುಗಳೇ ಸ್ವಲ್ಪ ಬದಲಾಗಿ ಇವತ್ತು ಎಲ್ಲ ದೇಶದಲ್ಲೂ ನಡೆಯುತ್ತವೆ. ಅದಕ್ಕೇ ಅಣ್ಣನ ಮಗಳ ಪ್ಯಾಕೆಟ್ಟಿನ ಜೊತೆ ಬಂದ ಚೀಟಿಯಲ್ಲಿ ಒಂದಕ್ಷರ ಓದದೆಯೂ ನನ್ನ ಮಗ ಬಾವಲಿ ಮಾಡಿದ. ನಮ್ಮ ಹುಡುಗರು ಒಳಮಡಿಕೆಗೆ ಹಳ್ಳ ಅಂದರು, ಹೊರಮಡಿಕೆಗೆ ಗುಡ್ಡ ಅಂದರು. ಕೊಪ್ಪಳದ ಮಕ್ಕಳಿಗೆ ಗುಡ್ಡ ಯಾರೂ ಹೇಳಿಕೊಡಬೇಕಿಲ್ಲ, ಕಿಟಕಿಯಾಚೆಯೇ ಇದೆ.

ಕಾಗದ ಮಡಿಸಿ ಗಣಿತ ಅಂದಾಗ ಇನ್ನೊಬ್ಬರು ನೆನಪಾಗುತ್ತಾರೆ. ಇವರು ನಮ್ಮ ಪಕ್ಕದವರೇ. ಟಿ. ಸುಂದರ ರಾವ್ ಅಂತ, ಮದ್ರಾಸ್ ಪ್ರಾಂತ್ಯದಲ್ಲಿ ಸರ್ಕಾರಿ ನೌಕರರಾಗಿದ್ದರು. ಬಳ್ಳಾರಿ ಆಗ ಅದೇ ಪ್ರಾಂತ್ಯದಲ್ಲಿತ್ತು, ನಮ್ಮ ಕೊಪ್ಪಳ ರಾಯಚೂರು ನಿಜಾಮರ ಕಡೆ. ಚೌಕ ಕಾಗದ ಮಡಿಸುತ್ತಲೇ ರೇಖಾಗಣಿತ ಕಲಿಯುವ ಪುಸ್ತಕವನ್ನು ಅವರು 1893ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಶಿಶುವಿಹಾರ ಶುರು ಮಾಡಿದ ಜರ್ಮನಿಯ ಫ್ರೋಬೆಲ್ ಮಕ್ಕಳ ಆಟಗಳಲ್ಲಿ ಕಾಗದ ಮಡಿಸುವುದನ್ನೂ ಇಟ್ಟಿದ್ದ, ರಾಯರಿಗೆ ಹೊಳಹು ಸಿಕ್ಕಿದ್ದು ಅಲ್ಲಿಂದ. ಆ ಪುಸ್ತಕ ಫೆಲಿಕ್ಸ್ ಕ್ಲೈನ್ ಎಂಬ ದೊಡ್ಡ ಗಣಿತಜ್ಞನ ಕಣ್ಣಿಗೆ ಬಿದ್ದು, 1901ರಲ್ಲಿ ಅಮೆರಿಕದಲ್ಲಿ ಮತ್ತೆ ಅಚ್ಚಾಯಿತು. ಜರ್ಮನಿಯ ಆಟ ಮದ್ರಾಸಿಗೆ ಬಂದು, ಗಣಿತವಾಗಿ ಚಿಕಾಗೋಗೆ ಹೋಯಿತು ನೋಡಿ. ಇದನ್ನು ಮಾಸ್ತರಿಗೆ ಹೇಳಿದಾಗ ಮಾತ್ರ ಅವರು ಗೇಟು ತೆಗೆದು ಒಳಗೆ ಬಂದು ಕೂತರು. ಒಂದು ಹಾಳೆ ಕೇಳಿ ಇಸಿದುಕೊಂಡು, ಸಮಬಾಹು ತ್ರಿಕೋನ ಮಡಿಸಿ ತೋರಿಸಿ, 60 ಡಿಗ್ರಿ ಹೇಗೆ ಬಂತು ಹೇಳ್ರಿ ಅಂತ ಮಕ್ಕಳನ್ನು ಹಿಡಿದುಕೊಂಡರು. ಪಾಪ ಮಕ್ಕಳು.

ದೆವ್ವದ ವಿಷಯಕ್ಕೆ ಬರೋಣ. ಬಿಳಿ ಹಾಳೆಯನ್ನು ಗಾಳಿಪಟದ ಹಾಗೆ ಮಡಿಸಿ, ಮೇಲೆ ದುಂಡಗೆ ಬರಲೆಂದು ತುದಿ ಹಿಂದಕ್ಕೆ ಮಡಿಸಿ, ಎರಡು ಕಪ್ಪು ಕಣ್ಣು ಬರೆದರೆ ಅದೇ ದೆವ್ವ. ಅವ್ವ ಅಡುಗೆ ಮನೆಯಿಂದ ಎಣ್ಣೆಕೈ ಒರೆಸಿಕೊಂಡು ಬಂದು ನೋಡಿದಳು. ಬೈಯುತ್ತಾಳೆ ಅಂತಲೇ ನಾವೆಲ್ಲ ಅಂದುಕೊಂಡಿದ್ದು. ಅವಳ ತಕರಾರೇ ಬೇರೆ.

"ಇದಕ್ಕ ಕಾಲss ಇಲ್ಲಲ್ಲ?"

"ಅಜ್ಜಿ, ಅದು ದೆವ್ವ. ಹಾರತ್ತೆ. ಕಾಲು ಯಾಕೆ?"

"ಹಾರೋದಾಗಿದ್ರ ಹುಣಸಿ ಗಿಡದಾಗ ಯಾಕ ಕುಂದರ್ತಿತ್ತು? ಕಾಲು ಇರ್ತಾವ. ಹಿಮ್ಮಡ ಮುಂದ, ಬೆರಳು ಹಿಂದ. ಇಲ್ಲಂದ್ರ ಅದು ದೆವ್ವ ಅಂತ ಹೆಂಗ ಗುರ್ತು ಹಿಡೀತಿ?"

ಅಣ್ಣನ ಮಗಳ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಅವಳಿಗೆ ಗೊತ್ತಿದ್ದ ದೆವ್ವಗಳೆಲ್ಲ ಬೆಡ್‌ಶೀಟ್ ಹೊದ್ದವು, ಕಾಲಿನ ಸುದ್ದಿಯೇ ಇಲ್ಲ. ಮಕ್ಕಳಿಗೆ ಅಜ್ಜಿಯ ದೆವ್ವ ಹಿಡಿಸಿತು. ಹರಿದಿಟ್ಟ ಎ4 ಪಟ್ಟಿಗಳು ಕೆಲಸಕ್ಕೆ ಬಂದದ್ದು ಈಗ. ಪಟ್ಟಿಯನ್ನು ಉದ್ದಕ್ಕೆ ಸಣ್ಣಗೆ ಮಡಿಸಿ, ತುದಿಯನ್ನು ಒಳಗಿನಿಂದ ತಿರುವಿ ಹೊರಳಿಸಿದರೆ ಪಾದ. ಕಾಗದದ ಕೊಕ್ಕರೆಗೆ ತಲೆ ಮಾಡುವುದೂ ಇದೇ ಮಡಿಕೆಯಿಂದ. ಯಾವ ಕಡೆ ತಿರುವುತ್ತೀರಿ ಅನ್ನುವುದರ ಮೇಲೆ ಅದು ಮನುಷ್ಯನ ಕಾಲೋ ದೆವ್ವದ ಕಾಲೋ ತೀರ್ಮಾನ ಆಗುತ್ತದೆ. ಇದನ್ನು ಕಂಡುಹಿಡಿದದ್ದು ನನ್ನ ಮಗ. ಆಮೇಲೆ ಅವನು ಊಟಕ್ಕೂ ಏಳಲಿಲ್ಲ, ಕಾಲು ಮಾಡುತ್ತಲೇ ಇದ್ದ.

ಕಾಲನ್ನು ಮೈಗೆ ಸೇರಿಸಬೇಕಲ್ಲ, ಅವ್ವ ಅನ್ನದ ಅಗಳು ತಂದಳು. ಅಲ್ಲಿ ಮತ್ತೊಂದು ಜಗಳ. ಅಂಟು ಹಚ್ಚಿದರೆ, ಕತ್ತರಿ ಹಾಕಿದರೆ ಅದು ಒರಿಗಾಮಿನೇ ಅಲ್ಲ ಅಂತ ಅಣ್ಣನ ಮಗಳು. ಅವಳ ಕ್ಲಾಸಿನಲ್ಲಿ ಹಾಗೆ ಹೇಳಿಕೊಟ್ಟಿದ್ದಾರೆ. ಒಂದೇ ಚೌಕ, ಕತ್ತರಿ ಇಲ್ಲ, ಅಂಟು ಇಲ್ಲ ಅನ್ನುವುದು ಈಗಿನ ಬಿಗಿ ನಿಯಮ, ನಿಜ. ಆದರೆ ಜಪಾನಿನಲ್ಲೇ 1797ರಲ್ಲಿ ಅಚ್ಚಾದ ಕೊಕ್ಕರೆ ಮಡಿಸುವ ಪುಸ್ತಕದಲ್ಲಿ ಒಂದೇ ಹಾಳೆಗೆ ಸೀಳು ಹಾಕಿ, ರೆಕ್ಕೆಗೆ ರೆಕ್ಕೆ ಅಂಟಿಕೊಂಡ ಕೊಕ್ಕರೆ ಸಾಲು ಮಾಡಿದ್ದಾರೆ. ನಿಯಮ ಇದ್ದರೆ ಬುದ್ಧಿ ಓಡುತ್ತದೆ ಅನ್ನುವುದು ಒಪ್ಪುತ್ತೇನೆ, ಸವಾಲು ಬೇಕಾದವರಿಗೆ ಅದು ಇರಲಿ. ನಾಲ್ಕು ವರ್ಷದ ಹುಡುಗಿ ದೆವ್ವಕ್ಕೆ ಕಾಲು ಅಂಟಿಸುವಾಗ ಹೋಗಿ ನಿಯಮ ಹೇಳುವವರ ಜೊತೆ ನನಗೆ ಮಾತಿಲ್ಲ. ಆ ಹುಡುಗಿ ಅನ್ನದ ಅಗಳು ಅರ್ಧ ತಿಂದಳು, ಅರ್ಧ ಅಂಟಿಸಿದಳು. ಆಮೇಲೆ ದೇವರ ಕೋಣೆಗೆ ಹೋಗಿ ಕುಂಕುಮ ತಂದು ದೆವ್ವದ ಹಣೆಗೆ ಹಚ್ಚಿದಳು. ಯಾಕವ್ವ ಅಂದರೆ, ಹಬ್ಬ ಅಲ್ವಾ ಅಂದಳು.

ಒಬ್ಬ ದೊಡ್ಡ ಹುಡುಗ ಬಾಗಿಲ ಹಿಂದೆ "ನಾಳೆ ಬಾ" ಅಂತ ಬರೆದ ಚೀಟಿ ಅಂಟಿಸಿದ. 90ರ ದಶಕದಲ್ಲಿ ದೆವ್ವಕ್ಕೆ ಹೆದರಿ ಜನ ಬಾಗಿಲ ಮೇಲೆ ಹಾಗೆ ಬರೆಯುತ್ತಿದ್ದದ್ದು ಅವನಿಗೆ ಹೇಗೋ ಗೊತ್ತಿತ್ತು. ಬಂದ ದೆವ್ವ ಓದಿಕೊಂಡು ವಾಪಸ್ ಹೋಗಿ ಮಾರನೇ ದಿನ ಬರಬೇಕು, ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಅನ್ನುವುದು ಆ ಕಥೆಯಲ್ಲಿ ನನಗೆ ಬಹಳ ಇಷ್ಟ.

ಸಂಜೆ ಎಲ್ಲವನ್ನೂ ದಾರಕ್ಕೆ ಪೋಣಿಸಿ ಹಾಲ್‌ನಲ್ಲಿ ಕಟ್ಟಿದೆವು. ಬಾವಲಿಗಳು ಕೆಂಪು, ಹಸಿರು, ಒಂದಿಷ್ಟು ಹಳೆಯ ಪತ್ರಿಕೆಯವು, ಒಂದು ಯಾರದೋ ಮದುವೆ ಕಾರ್ಡಿನದು, ಅದರ ರೆಕ್ಕೆ ಮೇಲೆ ಸುಖಾಗಮನವನ್ನು ಬಯಸುವವರ ಹೆಸರುಗಳು. ಕಪ್ಪು ಒಂದೂ ಇಲ್ಲ. ಚೆನ್ನಾಗಿಲ್ಲ, ಹೆದರಿಕೆ ಬರಲ್ಲ ಅಂತ ಅಣ್ಣನ ಮಗಳು ಮತ್ತೆ ಸಪ್ಪಗಾದಳು. ಅಷ್ಟರಲ್ಲಿ ಯಾರೋ ಮೊಬೈಲ್ ಟಾರ್ಚ್ ಹಾಕಿದರು. ಗೋಡೆ ಮೇಲೆ ಬಾವಲಿಗಳ ನೆರಳು ಎದ್ದಿತು. ಎಲ್ಲವೂ ಕಪ್ಪು! ಕೆಂಪು ಬಾವಲಿಯ ನೆರಳೂ ಕಪ್ಪು, ಬಿಳಿ ದೆವ್ವದ ನೆರಳೂ ಕಪ್ಪು. ಟಾರ್ಚನ್ನು ಬಾವಲಿಯ ಹತ್ತಿರಕ್ಕೆ ಒಯ್ದರೆ ಗೋಡೆಯ ಬಾವಲಿ ಬಾಗಿಲಿಗಿಂತ ದೊಡ್ಡದು, ದೂರ ಒಯ್ದರೆ ಅಂಗೈಯಗಲ. ಕಪ್ಪು ಹಾಳೆಗೆ ಪೇಟೆಯೆಲ್ಲ ಸುತ್ತಿದ್ದು ದಂಡ. ಹಿಮ್ಮುಖ ಕಾಲಿನ ದೆವ್ವ ಗೋಡೆಯ ಮೇಲೆ ನಿಜಕ್ಕೂ ಭಯ ಹುಟ್ಟಿಸುವ ಹಾಗಿತ್ತು. ಅಣ್ಣನೇ ಒಮ್ಮೆ ಬೆಚ್ಚಿದ.

ಇದೇ ತೊಗಲು ಗೊಂಬೆ ಆಟ ಅಲ್ಲೇನು ಅಂದಳು ಅವ್ವ. ಹೆಚ್ಚುಕಮ್ಮಿ ಅದೇ. ಒಂದು ವ್ಯತ್ಯಾಸ ಇದೆ, ಅದನ್ನು ಮಕ್ಕಳಿಗೆ ಹೇಳಲೇಬೇಕಿತ್ತು. ಕಾಗದ ಬೆಳಕನ್ನು ತಡೆಯುತ್ತದೆ, ಅದಕ್ಕೆ ಬರೀ ಕಪ್ಪು ನೆರಳು. ತೊಗಲು ಗೊಂಬೆಯ ಚರ್ಮವನ್ನು ಹದ ಮಾಡಿ, ಬೆಳಕು ತೂರಿ ಬರುವಷ್ಟು ತೆಳ್ಳಗೆ ಮಾಡಿ ಬಣ್ಣ ಹಚ್ಚಿರುತ್ತಾರೆ. ಪರದೆಯ ಮೇಲೆ ರಾಮ ನೀಲಿಯಾಗಿಯೇ ಕಾಣುತ್ತಾನೆ, ರಾವಣನ ಕಿರೀಟ ಬಣ್ಣಬಣ್ಣವಾಗಿಯೇ ಮೂಡುತ್ತದೆ. ಸಣ್ಣ ಸಣ್ಣ ತೂತು ಕೊರೆದು ಒಡವೆ ಮಾಡುತ್ತಾರೆ. ಹುಡುಗರು ತಕ್ಷಣ ಬಾವಲಿಗೆ ಪಿನ್ನಿನಿಂದ ಕಣ್ಣು ಚುಚ್ಚಿದರು, ಗೋಡೆಯ ಮೇಲಿನ ಬಾವಲಿಗೆ ಬೆಳಕಿನ ಕಣ್ಣು ಬಂತು. ಅದಾಗಿ ಮೂರು ತಿಂಗಳೊಳಗೆ, 2025ರ ಜನವರಿಯಲ್ಲಿ, ನಮ್ಮ ಜಿಲ್ಲೆಯ ಮೋರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಅಜ್ಜಿ. ಟಿವಿಯಲ್ಲಿ ನೋಡಿದ ನನ್ನ ಮಗ, "ಅವ್ವಾ, ನಾವು ಗ್ವಾಡಿ ಮ್ಯಾಲೆ ಮಾಡಿದ್ವಲ್ಲ, ಅದು!" ಅಂತ ಕೂಗಿದ. ಬಾವಲಿ ಮಾಡದೆ ಇದ್ದಿದ್ದರೆ ಆ ಸುದ್ದಿಗೆ ಅವನು ತಲೆ ಎತ್ತುತ್ತಿರಲಿಲ್ಲ ಅಂತ ನನ್ನ ಅನುಮಾನ.

ಮನೆ ಮನೆಗೆ ಹೋಗಿ ಕೇಳುವ ಭಾಗ ನಮ್ಮಲ್ಲಿ ನಡೆಯಲಿಲ್ಲ, ನಾನೇ ಬೇಡ ಅಂದೆ. ಆದರೆ ಅದೂ ಈ ಕಡೆ ಹೊಸದೇನಲ್ಲ. ನಮ್ಮ ಸುತ್ತಲಿನ ಲಂಬಾಣಿ ತಾಂಡಾಗಳಲ್ಲಿ ದೀಪಾವಳಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆ ಮನೆಗೆ ಹಾಡುತ್ತಾ ಹೋಗುತ್ತಾರೆ, ಹಿರಿಯರು ಕಾಣಿಕೆ ಕೊಡುತ್ತಾರೆ. ಮೇರಾ ಅಂತಾರೆ ಅದಕ್ಕೆ. ತೀರಿಹೋದ ಹಿರಿಯರ ಹೆಸರಲ್ಲಿ ಬೆಂಕಿಗೆ ಸಿಹಿ ಹಾಕಿ ನೆನೆಯುವುದೂ ಅದೇ ಹಬ್ಬದಲ್ಲಿ. ಕತ್ತಲ ರಾತ್ರಿ, ದೀಪ, ಮನೆ ಮನೆ ತಿರುಗುವ ಮಕ್ಕಳು, ಸತ್ತವರ ನೆನಪು. ಯಾರಿಂದ ಯಾರೂ ಕದ್ದದ್ದಲ್ಲ. ಸುಗ್ಗಿಯ ಹೊತ್ತಿಗೆ, ಚಳಿ ಕಾಲಿಡುವಾಗ ಜನರಿಗೆ ಎಲ್ಲ ಕಡೆ ಇದೇ ಯೋಚನೆ ಬರುತ್ತದೇನೋ. ತಾಂಡಾದಲ್ಲಿ ಗೆಳತಿಯರಿರುವ ಓಣಿಯ ಹುಡುಗಿಯೊಬ್ಬಳು ಇದನ್ನು ಹೇಳಿದಾಗ, ಅಣ್ಣನ ಮಗಳು ಕೇಳಿದ ಮೊದಲ ಪ್ರಶ್ನೆ: "ಚಾಕೊಲೇಟ್ ಕೊಡಲ್ವಾ, ದುಡ್ಡೇ ಕೊಡ್ತಾರಾ?"

ಮಾಡುವವರಿಗೆ ಒಂದೆರಡು ಮಾತು. ಕಾಗದದ ಕುಂಬಳದೊಳಗೆ ನಿಜವಾದ ದೀಪ ಇಡಬೇಡಿ, ಎಷ್ಟೇ ಸಣ್ಣ ದೀಪ ಆಗಲಿ. ಬ್ಯಾಟರಿ ದೀಪ ಸಿಗುತ್ತದೆ, ಇಲ್ಲವೇ ಸೀರಿಯಲ್ ಲೈಟಿನ ಎಲ್‌ಇಡಿ ಬಲ್ಬನ್ನು ಊದುವ ತೂತಿನಿಂದ ಒಳಗೆ ತೂರಿಸಿ. ಕುಂಬಳದ ಕಣ್ಣು ಮೂಗು ಬರೆಯುವುದು ಊದುವ ಮೊದಲು, ಊದಿದ ಮೇಲೆ ಸ್ಕೆಚ್ ಪೆನ್ ಒತ್ತಿದರೆ ಗಲ್ಲ ಒಳಗೆ ಹೋಗುತ್ತದೆ. ತೀರಾ ಸಣ್ಣ ಮಕ್ಕಳಿಗೆ ದೊಡ್ಡ ಹಾಳೆ ಕೊಡಿ, ಸಣ್ಣ ಕೈಗೆ ಸಣ್ಣ ಹಾಳೆ ಅನ್ನುವುದು ತಪ್ಪು ಲೆಕ್ಕ. ಪತ್ರಿಕೆಯ ಅರ್ಧ ಪುಟದಲ್ಲಿ ಮಾಡಿದ ಬೆಕ್ಕು ಮುಖವಾಡದ ಅಳತೆಗೆ ಬರುತ್ತದೆ, ಅದನ್ನು ಅವರು ಮುಖಕ್ಕೇ ಕಟ್ಟಿಕೊಳ್ಳುತ್ತಾರೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ತಲೆಬುರುಡೆ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ತಂದ ದಿನವೇ ಮಕ್ಕಳು ಮರೆಯುತ್ತಾರೆ.

ಮಾರನೇ ದಿನ ಬೆಳಿಗ್ಗೆ ರಾಜ್ಯೋತ್ಸವ. ಓಣಿಯ ಕೊನೆಯಲ್ಲಿ ಬಾವುಟ ಏರಿಸುವುದಿತ್ತು, ಪರಪರಿ ಕಟ್ಟುವ ಜವಾಬ್ದಾರಿ ಹುಡುಗರದು. ಅದಕ್ಕೆಂದೇ ತಂದಿಟ್ಟಿದ್ದ ಹಳದಿ ಕೆಂಪು ಗ್ಲೇಜ್ ಪೇಪರ್ ನೋಡಿದರೆ ಎಲ್ಲ ಬೆಕ್ಕು ಬಾವಲಿ ಆಗಿ ಹಾಲ್‌ನಲ್ಲಿ ನೇತಾಡುತ್ತಿದೆ. ಹಬ್ಬದ ದಿನ ಬೆಳಿಗ್ಗೆ ಯಾವ ಅಂಗಡಿ ತೆಗೆದಿರುತ್ತದೆ? ಹುಡುಗರು ಹೆಚ್ಚು ಯೋಚನೆ ಮಾಡಲಿಲ್ಲ. ಬಿಳಿ, ಹಸಿರು, ಪತ್ರಿಕೆಯವನ್ನೆಲ್ಲ ಕಿತ್ತು ಬದಿಗಿಟ್ಟು, ಹಳದಿ ಬೆಕ್ಕು, ಕೆಂಪು ಬಾವಲಿ, ಹಳದಿ ನಾಯಿ, ಕೆಂಪು ಬಾವಲಿ ಅಂತ ದಾರಕ್ಕೆ ಸರಿಯಾಗಿ ಪೋಣಿಸಿಕೊಂಡು ಹೋಗಿ ಬಾವುಟದ ಕಂಬದಿಂದ ಮಾಸ್ತರ ಮನೆಯ ಕಾಂಪೌಂಡಿನ ತನಕ ಕಟ್ಟಿದರು. ದೂರದಿಂದ ನೋಡಿದರೆ ಅಪ್ಪಟ ರಾಜ್ಯೋತ್ಸವ. ಹತ್ತಿರ ಹೋದವರಿಗೆ ಮಾತ್ರ ಮೀಸೆ ಕಾಣುತ್ತದೆ.

ಮಾಸ್ತರು ಬಿಳಿ ಅಂಗಿ ಹಾಕಿಕೊಂಡು ಹೊರಗೆ ಬಂದರು. ಕನ್ನಡಕ ಏರಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ನೋಡುತ್ತಾ ನಡೆದರು. ಹುಡುಗರು ಮಗ್ಗಿ ಕೇಳುತ್ತಾರೇನೋ ಅಂತ ಹಿಂದೆ ಸರಿದರು. ಅವರು ನನ್ನ ಕಡೆ ತಿರುಗಿ, "ಅಕ್ಕಾರ, ನಮ್ಮ ಗೇಟಿಗೂ ಒಂದು ಸರ ಮಾಡಿ ಕೊಡಾಕ ಹೇಳ್ರಿ" ಅಂದರು. ಸ್ವಲ್ಪ ದೂರ ಹೋಗಿ ಮತ್ತೆ ನಿಂತು, "ಬಾವಲಿ ಬ್ಯಾಡ ಮತ್ತ. ಬೆಕ್ಕು ಅಷ್ಟ ಇರ್ಲಿ" ಅಂದರು.